ಬಳೆಗಳ ಜೊತೆಗೊಂದು ಉಕ್ಕಿನ ಚೈನು

ಒಡವೆಯ ವಿಷಯದಲ್ಲಿ ನಾನು ಸಂನ್ಯಾಸಿಯೇನೂ ಅಲ್ಲ. ಯಾರ ಕತ್ತಿನಲ್ಲಿ ಹೊಸ ಸರ ಕಂಡರೂ ಆಡುತ್ತಿದ್ದ ಮಾತು ಮರೆತುಹೋಗುತ್ತದೆ. ಅಂಥ ನಾನೂ ಒಲ್ಲೆ ಎಂದ ಒಡವೆ ಒಂದಿದೆ. ತೆಳುವಾದ ಉಕ್ಕಿನ ಕೈಚೈನು, ನಡುವೆ ಒಂದು ಬಿಲ್ಲೆ, ಬಿಲ್ಲೆಯ ಮೇಲೆ ನನ್ನ ಹೆಸರು, ಡಯಾಬಿಟಿಸ್, ಇನ್ಸುಲಿನ್ ಎಂಬ ಕೆತ್ತನೆ, ಗಂಡನ ಫೋನ್ ನಂಬರು. ನಾವಿರುವ ಹಾರ್ಲೆಮ್ ಎಂಬ ಡಚ್ ಊರಿನ ಡಾಕ್ಟರ ಬಳಿ ಕೆಲಸ ಮಾಡುವ ನರ್ಸಮ್ಮ ಅದನ್ನು ತರಿಸಿಕೊಳ್ಳಲು ಹೇಳಿದ್ದಳು. ಒಬ್ಬರೇ ಸೈಕಲ್ ತುಳಿಯುತ್ತೀರಿ, ಒಬ್ಬರೇ ರೈಲಿನಲ್ಲಿ ಆಮ್ಸ್ಟರ್‌ಡ್ಯಾಮಿನ ಆಫೀಸಿಗೆ ಹೋಗುತ್ತೀರಿ, ಸಕ್ಕರೆ ಇಳಿದು ಎಲ್ಲಾದರೂ ಬಿದ್ದರೆ ಜನಕ್ಕೆ ತಿಳಿಯುವುದು ಹೇಗೆ ಎಂದು ಮುಖಕ್ಕೇ ಕೇಳಿದಳು. ಡಚ್ಚರಿಗೆ ಸುತ್ತಿ ಬಳಸಿ ಮಾತಾಡುವುದು ಗೊತ್ತಿಲ್ಲ. ಚೈನು ತರಿಸಿದ್ದೂ ಆಯಿತು, ಕಾಲುಚೀಲಗಳ ಅಡಿಯಲ್ಲಿ ಬಚ್ಚಿಟ್ಟಿದ್ದೂ ಆಯಿತು.

ಕಾರಣ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಹೋಳಿಗೆ. ಇಲ್ಲಿನ ನಮ್ಮ ಕನ್ನಡದ ಬಳಗದಲ್ಲಿ ಸಕ್ಕರೆ ಕಾಯಿಲೆ ಇದೆ ಎಂದು ಬಾಯಿಬಿಟ್ಟವರ ಗತಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಾರ ಮನೆಗೆ ಹೋದರೂ ಅವರಿಗೆ ಬೇರೆ ತಟ್ಟೆ. ಅದರಲ್ಲಿ ಎಣ್ಣೆ ಕಾಣದ ಚಪಾತಿ, ಮೇಲೊಂದಿಷ್ಟು ಹಾಗಲಕಾಯಿ ಪಲ್ಯ. ಉಪ್ಪು ಏನು ತಪ್ಪು ಮಾಡಿತ್ತೋ, ಅದನ್ನೂ ಹಾಕಿರುವುದಿಲ್ಲ. ಬಡಿಸುವವರು ಹೋಳಿಗೆ ಹಿಡಿದು ಬರುತ್ತಾರೆ, ಅಯ್ಯೋ ಪಾಪ ಎಂಬ ಮುಖ ಮಾಡಿ ಮುಂದಿನವರಿಗೆ ಬಡಿಸುತ್ತಾರೆ. ಲೆಕ್ಕ ಹಾಕಿ ಇನ್ಸುಲಿನ್ ತೆಗೆದುಕೊಂಡು ಒಂದು ಹೋಳಿಗೆ ತಿನ್ನುವ ವಿದ್ಯೆ ನನಗೆ ಗೊತ್ತಿದೆ ಎಂದು ಪ್ರತಿ ಪಂಕ್ತಿಯಲ್ಲೂ ಭಾಷಣ ಮಾಡಲಾದೀತೇ? ಅದಕ್ಕೇ ಸುಮ್ಮನಿದ್ದೆ.

ಹಾಗೆ ಸುಮ್ಮನಿದ್ದದ್ದಕ್ಕೆ ವರಮಹಾಲಕ್ಷ್ಮಿ ಹಬ್ಬದ ದಿನ ಶಾಸ್ತಿಯಾಯಿತು. ಮಂಗಳಾರತಿ ಆಗದೆ ಬಾಯಿಗೆ ನೀರೂ ಹಾಕುವಂತಿಲ್ಲ ಎಂಬುದು ನಮ್ಮಮ್ಮ ಕಲಿಸಿದ ಪಾಠ. ಅಡುಗೆ ಆಗಿತ್ತು, ಇನ್ನೇನು ಪೂಜೆ ಮುಗಿಯುತ್ತದೆ ಎಂದು ಊಟದ ಇನ್ಸುಲಿನ್ ಚುಚ್ಚಿಕೊಂಡುಬಿಟ್ಟೆ. ಚುಚ್ಚಿಕೊಂಡ ಮೇಲೆ ಬೇಗ ಉಣ್ಣದಿದ್ದರೆ ಸಕ್ಕರೆ ಇಳಿದುಹೋಗುತ್ತದೆ. ಅಷ್ಟರಲ್ಲಿ ಅರಿಸಿನ ಕುಂಕುಮಕ್ಕೆ ಬರಬೇಕಿದ್ದವರ ರೈಲು ನಿಂತಿದೆ ಎಂದು ಫೋನ್ ಬಂತು. ಅವರು ಬರುವವರೆಗೆ ಮಂಗಳಾರತಿ ಬೇಡ ಎಂದು ನಾನೇ ಹೇಳಿದೆ. ಅವರನ್ನು ಕರೆತರಲು ಗಂಡ ಸ್ಟೇಷನ್ನಿಗೆ ಹೋದ. ಮನೆಯಲ್ಲಿ ನನ್ನ ಜೊತೆ ಉಳಿದವರು ಪಕ್ಕದ ಬೀದಿಯ ವಸಂತಕ್ಕ ಒಬ್ಬರೇ.

ವಸಂತಕ್ಕ ಉಡುಪಿ ಕಡೆಯವರು. ಮೈಮೇಲೆ ದೇವರು ಬರುವುದನ್ನು ಚಿಕ್ಕಂದಿನಿಂದ ನೋಡಿದವರು. ಕಲಶದ ಮುಂದೆ ರೇಷ್ಮೆ ಸೀರೆ ಉಟ್ಟು ಕುಳಿತ ನನ್ನ ಮೈ ಬೆವೆತು, ಕೈ ನಡುಗಿ, ಮಾತು ತೊದಲಿದಾಗ ಅವರಿಗೆ ಸಂಶಯವೇ ಉಳಿಯಲಿಲ್ಲ. ಎದುರಿಗೆ ಬಂದು ಕೈಮುಗಿದು ನಿಂತರು. "ಅಮ್ಮಾ, ಆಮ್ಸ್ಟರ್‌ಡ್ಯಾಮಲ್ಲಿ ನಮಗೊಂದು ಮನೆ ಸಿಗ್ತದಾ?" ಎಂದು ಕೇಳಿದರು. ಮನೆಗಳಿಗೆ ಬರಗಾಲ ಬಿದ್ದಿರುವ ಆ ಊರಿನಲ್ಲಿ ಮನೆ ಸಿಗುತ್ತದೆಯೇ ಎಂದರೆ ಸಾಕ್ಷಾತ್ ದೇವಿಗೂ ನಡುಕ ಹೆಚ್ಚಬೇಕು, ನನಗೂ ಹೆಚ್ಚಿತು. ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಸಕ್ಕರೆ ಎಂದೆ. ವಸಂತಕ್ಕ ಅಡುಗೆಮನೆಗೆ ಓಡಿ ಬೆಳ್ಳಿ ಬಟ್ಟಲ ತುಂಬ ಸಕ್ಕರೆ ತಂದರು. ತಂದು ಕಲಶದ ಮುಂದೆ ಇಟ್ಟು ಅಡ್ಡಬಿದ್ದರು.

ಆ ಬಟ್ಟಲು ನನ್ನ ಕಣ್ಣೆದುರೇ ಇತ್ತು. ಕೈ ಚಾಚಲು ಆಗಲಿಲ್ಲ. ನನಗಾದ ಭಯವನ್ನು ಹೇಗೆ ಹೇಳಲಿ? ಸಕ್ಕರೆಯ ಮುಂದೆ ಕುಳಿತು ಸಕ್ಕರೆ ಇಲ್ಲದೆ ಸಾಯುತ್ತೇನೆ ಅನ್ನಿಸಿತು. ಅಷ್ಟರಲ್ಲಿ ಗಂಡ ಬರಬೇಕಿದ್ದವರನ್ನು ಕರೆದುಕೊಂಡು ಬಂದು, ನೋಡಿದ ಕೂಡಲೇ ಕಿತ್ತಳೆ ಜ್ಯೂಸ್ ಕುಡಿಸಿದ. ನಾನು ಸರಿಹೋದ ಮೇಲೆ ಅವನು ಕೂಗಾಡಲಿಲ್ಲ. "ಇವತ್ತು ನಾನು ಬಂದೆ. ನಾಳೆ ರೈಲಲ್ಲಿ ಯಾರು ಬರ್ತಾರೆ?" ಎಂದಷ್ಟೇ ಕೇಳಿದ. ವಸಂತಕ್ಕ ಅಳುತ್ತಿದ್ದರು. "ನಂಗೊಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ ನಿಮ್ಗೆ?" ಎಂದರು.

ಮಂಗಳಾರತಿಗೆ ಮೊದಲೇ ಎದ್ದುಹೋಗಿ ಚೈನು ಹುಡುಕಿ ಬಳೆಗಳ ಮುಂದೆ ಹಾಕಿಕೊಂಡೆ. ಆವತ್ತಿನಿಂದ ತೆಗೆದಿಲ್ಲ, ತೆಗೆಯುವುದೂ ಇಲ್ಲ. ರೇಷ್ಮೆ ಸೀರೆಗೆ ಒಪ್ಪುವುದಿಲ್ಲ ಎಂದವರಿದ್ದಾರೆ, ಒಪ್ಪದಿದ್ದರೆ ಸೀರೆ ಬದಲಾಯಿಸುತ್ತೇನೆ. ಬೇರೆ ತಟ್ಟೆಯೂ ಬಂತು. ನಾನು ಅದನ್ನು ನಯವಾಗಿ ಪಕ್ಕಕ್ಕಿಟ್ಟು, ನನಗೆ ಡಯಾಬಿಟಿಸ್ ಇದೆ, ಒಂದು ಹೋಳಿಗೆ ಹಾಕಿ ಎಂದು ಗಟ್ಟಿಯಾಗಿಯೇ ಹೇಳುತ್ತೇನೆ. ಹಾಕುತ್ತಾರೆ, ಹಾಕಿ ನಾನು ಸಾಯುತ್ತೇನೋ ಎಂದು ನೋಡುತ್ತಾ ನಿಲ್ಲುತ್ತಾರೆ.

ಒಂದೇ ತೊಂದರೆ. ಸಕ್ಕರೆ ಇಳಿದರೆ ಮನುಷ್ಯರಿಗೆ ವಿನಾಕಾರಣ ಸಿಟ್ಟು ಬರುತ್ತದೆ ಎಂಬುದು ಈಗ ಆಫೀಸಿನಲ್ಲೂ ಎಲ್ಲರಿಗೂ ಗೊತ್ತಾಗಿದೆ. ಮೊನ್ನೆ ಮೀಟಿಂಗಿನಲ್ಲಿ ನಾನು ಮಾಡಿದ ಕೆಲಸವನ್ನು ಸಹೋದ್ಯೋಗಿಯೊಬ್ಬ ತನ್ನದೆಂದು ಹೇಳಿಕೊಂಡ. ನಾನು ದನಿ ಏರಿಸಿದೆ. ಅವನು ನನ್ನ ಚೈನಿನ ಕಡೆ ನೋಡಿ, ಬಹಳ ಮರುಕದಿಂದ ಬಿಸ್ಕತ್ತಿನ ತಟ್ಟೆಯನ್ನು ನನ್ನತ್ತ ತಳ್ಳಿದ. ನಾನು ಅಲ್ಲೇ ಎಲ್ಲರೆದುರು ಸಕ್ಕರೆ ಪರೀಕ್ಷಿಸಿಕೊಂಡೆ. ಸರಿಯಾಗಿಯೇ ಇತ್ತು. ಸಿಟ್ಟು ಅಪ್ಪಟ ನನ್ನದೇ ಎಂದು ಖಾತ್ರಿಯಾದ ಮೇಲೆ ಜಗಳವನ್ನು ನಿಲ್ಲಿಸಿದಲ್ಲಿಂದಲೇ ಮುಂದುವರಿಸಿದೆ.