ಮೊದಲು ಸಾಹುಕಾರರಿಗೆ ಹೇಳು

ಬೇರೆ ಕೆಲಸ ಹುಡುಕುವ ಮನುಷ್ಯ ಆ ಗುಟ್ಟನ್ನು ಯಾರಿಗೆ ಬೇಕಾದರೂ ಹೇಳಿಯಾನು. ಹೆಂಡತಿಗೆ, ಜ್ಯೋತಿಷಿಗೆ, ಹೋಟೆಲಿನಲ್ಲಿ ಎದುರು ಕೂತು ಗೋಳಿಬಜೆ ತಿನ್ನುವ ಗೆಳೆಯನಿಗೆ! ಒಬ್ಬರಿಗೆ ಮಾತ್ರ ಹೇಳುವುದಿಲ್ಲ, ಸಂಬಳ ಕೊಡುವ ಧಣಿಗೆ. ಆದರೆ ನನ್ನ ಸೋದರಮಾವ ಮೊತ್ತಮೊದಲು ಹೇಳುತ್ತಿದ್ದುದೇ ಧಣಿಗೆ! ಹೇಳಿ ಸುಮ್ಮನಾಗುವವರೂ ಅಲ್ಲ. ಅರ್ಜಿಯನ್ನು ಅವರ ಮುಂದೆಯೇ ಓದಿ, ಅವರು ಹೇಳಿದ ಹಾಗೆ ತಿದ್ದಿ, ಆಮೇಲೆ ಅಂಚೆಗೆ ಹಾಕುತ್ತಿದ್ದರು. ಇಂಥ ಎರಡನೆಯ ಮನುಷ್ಯನನ್ನು ಇಡೀ ಮಂಗಳೂರಿನಲ್ಲಿ ಯಾರಾದರೂ ತೋರಿಸಿದರೆ ನಾನು ಬರೆಯುವುದನ್ನೇ ಬಿಟ್ಟುಬಿಡುತ್ತೇನೆ.

ನಮ್ಮದು ಅಳಿಯಸಂತಾನದ ಕುಟುಂಬ. ಮಾವನ ಆಸ್ತಿ ಸೋದರಳಿಯನಿಗೆ ಬರಬೇಕು. ನನ್ನ ಮಾವನಿಗೆ ಇದ್ದ ಆಸ್ತಿ ಎರಡೇ. ಒಂದು ಬೆತ್ತದ ಹಿಡಿಯ ಛತ್ರಿ, ಇನ್ನೊಂದು ಸತ್ಯ. ಛತ್ರಿಯ ಮೇಲೆ ನನಗೆ ಚಿಕ್ಕಂದಿನಿಂದಲೂ ಆಸೆಯಿತ್ತು. ಸತ್ಯದ ಮೇಲೆ, ನಿಜ ಹೇಳುತ್ತೇನೆ, ಕಣ್ಣು ಹಾಕಿದವನೇ ಅಲ್ಲ!

ಅವರ ಸತ್ಯದ ಮಾದರಿ ನೋಡಿ. ಕಂಕನಾಡಿಯಲ್ಲಿ ಒಬ್ಬ ಕ್ಷೌರಿಕನ ಹತ್ತಿರ ಮಾವ ಹಲವು ವರ್ಷ ಮುಖ ಕೊಟ್ಟು ಕೂತಿದ್ದರು. ಒಂದು ದಿನ ಪಕ್ಕದ ರಸ್ತೆಯಲ್ಲಿ ಹೊಸ ಅಂಗಡಿ ತೆರೆಯಿತು. ಮಾವನಿಗೆ ಅಲ್ಲಿಗೆ ಹೋಗುವ ಮನಸ್ಸಾಯಿತು. ಹೋಗಲಿ, ಯಾರು ಬೇಡ ಎನ್ನುತ್ತಾರೆ? ಆದರೆ ಹೇಳದೆ ಹೋಗುವುದು ಹೇಗೆ! ಬಲಗೆನ್ನೆ ಮುಗಿದು ಎಡಗೆನ್ನೆಗೆ ಸೋಪು ಹಚ್ಚಿದ ಹೊತ್ತಿನಲ್ಲಿ ಬಾಯಿಬಿಟ್ಟರು. "ಮುಂದಿನ ವಾರದಿಂದ ನಾನು ಆ ಹೊಸ ಅಂಗಡಿಗೆ ಹೋಗ್ತೇನೆ ಮಾರಾಯ, ಬೇಜಾರು ಮಾಡ್ಬೇಡ." ಆತ ಕತ್ತಿ ಮಡಚಿ ಒಳಗಿಟ್ಟ. ಮಾವ ಒಂದು ಕೆನ್ನೆಯಲ್ಲಿ ನುಣುಪು, ಇನ್ನೊಂದು ಕೆನ್ನೆಯಲ್ಲಿ ನೊರೆ ಹೊತ್ತುಕೊಂಡು ಮನೆಗೆ ಬಂದರು.

"ಪೂರ್ತಿ ಆದ ಮೇಲೆ ಹೇಳ್ಬಹುದಿತ್ತಲ್ಲ ಮಾವ?" ಎಂದೆ.

"ಅದು ಮೋಸ ಅಲ್ವಾ? ಅವ ಪಾಪ, ನಾನು ಮತ್ತೆ ಬರ್ತೇನೆ ಅಂತ ನಂಬಿ ಬೋಳಿಸ್ತಾ ಇದ್ದ!"

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಮಾವ ಎದೆ ಮುಂದೊಡ್ಡಿಕೊಂಡೇ ಊರೆಲ್ಲ ತಿರುಗುತ್ತಿದ್ದರು.

ಅವರ ಕೆಲಸ ಬಂದರಿನ ಒಂದು ಗೋದಾಮಿನಲ್ಲಿ. ಹಂಚನ್ನು ಮಂಜಿಗೆ, ಎಂದರೆ ಹಾಯಿ ಕಟ್ಟಿದ ದೊಡ್ಡ ದೋಣಿಗೆ ಹೇರಿ ಪರವೂರಿಗೆ ಕಳಿಸುವ ವ್ಯಾಪಾರ. ಧಣಿ ಒಬ್ಬ ಬ್ಯಾರಿ ಸಾಹುಕಾರರು. ಹಜ್‌ಗೆ ಹೋಗಿ ಬಂದವರಾದ್ದರಿಂದ ಬಂದರಿಗೆಲ್ಲ 'ಹಾಜಿಯವರು'. ಮಾವ ಅಲ್ಲಿಯ ರೈಟರು, ಎಂದರೆ ಗುಮಾಸ್ತರು. ಅವರನ್ನು ಹಾಜಿಯವರು ಕರೆಯುತ್ತಿದ್ದುದು 'ರೈಟ್ರೇ' ಎಂದು. ಹಾಜಿಯವರು ಅರಬಿಯಲ್ಲಿ ಕುರಾನು ಓದುತ್ತಿದ್ದರು, ವ್ಯಾಪಾರದಲ್ಲಿ ಎದುರಿನವನ ಮುಖ ಓದುತ್ತಿದ್ದರು. ಕನ್ನಡ, ಇಂಗ್ಲಿಷು ಮಾತ್ರ ಓದಲು ಬರುತ್ತಿರಲಿಲ್ಲ. ಹಾಗಾಗಿ ಬೆಳಗ್ಗೆ ಅಂಚೆ ಬಂದ ಕೂಡಲೇ ಮಾವ ಅವರೆದುರು ಕೂತು ಕಾಗದಗಳನ್ನು ಓದಿ ಹೇಳಬೇಕು. ಮಾವ ಓದುವುದು ಬೆರಳಿಟ್ಟು. ಒಂದೊಂದು ಸಾಲಿನ ಕೆಳಗೂ ತೋರುಬೆರಳು ಮೆಲ್ಲನೆ ಸರಿಯುತ್ತಿತ್ತು, ಹಾಜಿಯವರ ಕಣ್ಣು ಆ ಬೆರಳಿನ ಹಿಂದೆಯೇ ಹೋಗುತ್ತಿತ್ತು. ಮಾವ ಬರೆದ ಜವಾಬನ್ನೂ ಹೀಗೆಯೇ ಎರಡು ಸಲ ಓದಿಸಿ ಕೇಳದೆ ಹಾಜಿಯವರು ರುಜು ಹಾಕಿದ್ದಿಲ್ಲ.

ಕಾಗದಗಳಾದ ಮೇಲೆ ಪತ್ರಿಕೆ. ನಮ್ಮ ಜಿಲ್ಲೆ ಇನ್ನೂ ಮದರಾಸಿಗೆ ಸೇರಿದ್ದ ಕಾಲ. ಒಂದು ಬೆಳಗ್ಗೆ ಮಾವ ಪತ್ರಿಕೆ ಓದುತ್ತಾ, ಸ್ವರ ಒಂದಿಷ್ಟೂ ಬದಲಿಸದೆ, "ಬ್ಯಾಂಕಿಗೆ ಗುಮಾಸ್ತರು ಬೇಕಾಗಿದ್ದಾರೆ, ನಾನು ಅರ್ಜಿ ಹಾಕ್ತೇನೆ ಸಾಹುಕಾರ್ರೇ, ಕೊಚ್ಚಿಯಲ್ಲಿ ಕೊಪ್ಪರದ ಧಾರಣೆ ಇಳಿದಿದೆ" ಎಂದು ಒಂದೇ ಉಸಿರಿಗೆ ಓದಿಬಿಟ್ಟರು!

ಹಾಜಿಯವರು ಸ್ವಲ್ಪ ಹೊತ್ತು ಗಡ್ಡ ನೀವಿಕೊಂಡರು.

"ಇಲ್ಲಿ ಎಂತ ತೊಂದ್ರೆ ರೈಟ್ರೇ?"

"ತೊಂದ್ರೆ ಎಂತದೂ ಇಲ್ಲ. ಮಣ್ಣಗುಡ್ಡದಲ್ಲಿ ಒಂದು ಹುಡುಗಿ ನೋಡಿದ್ದೇವೆ. ಒಳ್ಳೆ ಹುಡುಗಿ. ಅವಳ ತಂದೆಗೆ ಪಿಂಚಣಿ ಇರುವ ಅಳಿಯ ಬೇಕಂತೆ."

"ಬ್ಯಾಂಕಿನಲ್ಲಿ ಪಿಂಚಣಿ ಉಂಟಾ?"

"ಉಂಟು."

"ಹಾಗಾದ್ರೆ ಹಾಕಿ ಮಾರಾಯ್ರೆ! ಅರ್ಜಿ ಬರ್ದು ಒಮ್ಮೆ ನನಗೆ ಓದಿ. ನೀವು ನಿಮ್ಮ ಬಗ್ಗೆ ಕಡಿಮೆ ಬರೀತೀರಿ."

ಸಂದರ್ಶನದ ದಿನ ಹಾಜಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. "ಬಸ್ಸಿನಲ್ಲಿ ಹೋದ್ರೆ ಅಂಗಿ ಮುದ್ದೆ ಆಗ್ತದೆ" ಎಂದು ಮಾವನನ್ನು ತಮ್ಮ ಕಾರಿನಲ್ಲಿ ಕೂರಿಸಿಕೊಂಡು ತಾವೇ ಬ್ಯಾಂಕಿಗೆ ಬಂದರು. ಆ ಕಾಲದಲ್ಲಿ ಕಾರೆಂದರೆ ಎಂಥ ಕಾರು! ಅದರ ಹಾರ್ನು ಕೇಳಿ ದನಗಳು ಕೂಡ ಎದ್ದು ನಿಲ್ಲುತ್ತಿದ್ದವು.

ಒಳಗೆ ಮ್ಯಾನೇಜರು ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ಮಾವನಿಗೂ ಕೇಳಿದರು. "ನೀವು ಇಲ್ಲಿಗೆ ಬಂದದ್ದು ನಿಮ್ಮ ಧಣಿಗೆ ಗೊತ್ತುಂಟಾ?"

"ಗೊತ್ತುಂಟು. ಹೊರಗೆ ಕಾರಿನಲ್ಲಿ ಕೂತಿದ್ದಾರೆ."

ಮ್ಯಾನೇಜರು ಕಿಟಕಿಯಿಂದ ಇಣುಕಿದರು. ಹಾಜಿಯವರು ಎದೆಯ ಮೇಲೆ ಕೈಯಿಟ್ಟು, ಬಾಯಿ ತುಂಬ ನಕ್ಕು, ಸಲಾಂ ಮಾಡಿದರು. ನೀವೇ ಹೇಳಿ, ಗುಮಾಸ್ತನನ್ನು ಸ್ವಂತ ಕಾರಿನಲ್ಲಿ ತಂದು ಬೇರೆಯವರಿಗೆ ಒಪ್ಪಿಸಿ ಅಷ್ಟು ಖುಷಿಯಿಂದ ನಗುವ ಧಣಿಯನ್ನು ನೋಡಿದರೆ ಯಾರಿಗೆ ಸಂಶಯ ಬರುವುದಿಲ್ಲ? ಗುಮಾಸ್ತನಲ್ಲಿ ಏನೋ ದೊಡ್ಡ ಐಬು ಇರಲೇಬೇಕು! ಆದರೂ ಮ್ಯಾನೇಜರು ಪುಣ್ಯಾತ್ಮ, ಇನ್ನೊಂದು ಅವಕಾಶ ಕೊಟ್ಟರು. "ಇಲ್ಲಿ ಎಷ್ಟು ವರ್ಷ ಇರ್ತೀರಿ?"

"ಇದಕ್ಕಿಂತ ಒಳ್ಳೆಯದು ಸಿಗುವವರೆಗೆ. ನೀವೇನೂ ಹೆದರ್ಬೇಡಿ, ಹೋಗುವಾಗ ಮೊದಲು ನಿಮಗೇ ಹೇಳ್ತೇನೆ."

ಕೆಲಸ ಸಿಗಲಿಲ್ಲ ಎಂದು ಬೇರೆ ಹೇಳಬೇಕೇ? ಬ್ಯಾಂಕಿನ ಕಾಗದ ಬರುವ ಮೊದಲೇ ಮಾವ ಮಣ್ಣಗುಡ್ಡಕ್ಕೆ ಹೋಗಿ, "ನನಗೆ ಕೆಲಸ ಆಗ್ಲಿಕ್ಕಿಲ್ಲ ಅಂತ ಕಾಣ್ತದೆ. ನೀವು ಬೇರೆ ಕಡೆ ನೋಡುವುದಾದ್ರೆ ನೋಡಿ" ಎಂದು ಹುಡುಗಿಯ ತಂದೆಗೆ ಹೇಳಿ ಬಂದರು. ಅವರು ನೋಡಿದರು, ಹುಡುಗಿಯ ಮದುವೆಯೂ ಆಯಿತು. ಮಾವ ಮತ್ತೆ ಮದುವೆಯ ಮಾತೆತ್ತಲಿಲ್ಲ, ಮಣ್ಣಗುಡ್ಡದ ಕಡೆ ಕಾಲೂ ಹಾಕಲಿಲ್ಲ. ಗೋದಾಮಿಗೆ ಹೋಗಿ ಬೆರಳಿಟ್ಟು ಓದುತ್ತಾ ಉಳಿದರು.

ಹತ್ತು ವರ್ಷ ಕಳೆಯಿತು. ಅಷ್ಟರಲ್ಲಿ ನಾನು ಟೈಪಿಂಗ್ ಪಾಸು ಮಾಡಿ, ಮಾವನ ಮಾತಿನ ಮೇಲೆ ಅದೇ ಗೋದಾಮಿನಲ್ಲಿ ಮಾವನ ಪಕ್ಕದ ಮೇಜಿಗೇ ಬಂದಿದ್ದೆ. ವಿಧಿಯ ಆಟ ನೋಡಿ, ನನಗೂ ಅತ್ತಾವರದಲ್ಲಿ ಒಂದು ಹುಡುಗಿ ನೋಡಿದರು. ಅವಳ ತಂದೆಗೂ ಪಿಂಚಣಿಯ ಅಳಿಯನೇ ಬೇಕು! "ದೀಪಾವಳಿಯವರೆಗೆ ಕಾಯ್ತೇವೆ" ಎಂದರು. ನಾನು ಒಂದು ಬ್ಯಾಂಕಿಗೆ ಅರ್ಜಿ ಹಾಕಿದೆ, ಗುಟ್ಟಾಗಿ. ಆದರೆ ಗೋದಾಮಿನ ಹಾಗೆ ಮನೆಯ ಅಂಚೆಯನ್ನೂ ಒಡೆಯುವವರು ಮಾವನೇ. ಅವರಿಗೆ ಹೇಳದೆ ಉಪಾಯವಿರಲಿಲ್ಲ. ಒಂದು ಸಂಜೆ ಗೋದಾಮಿನಿಂದ ಒಂದೇ ಛತ್ರಿಯಲ್ಲಿ ನಡೆದು ಬರುವಾಗ ಹೇಳಿದೆ.

"ಮೊದಲು ಸಾಹುಕಾರರಿಗೆ ಹೇಳು" ಎಂದರು ಮಾವ.

"ಹೇಳುವುದಿಲ್ಲ ಮಾವ."

"ಹೆದರಿಕೆಯಾ? ಅವರು ಬೈಯುವುದಿಲ್ಲ."

"ಬೈದ್ರೆ ಬೈಸಿಕೊಳ್ತೇನೆ. ಕಾರು ತಂದ್ರೆ ಎಂತ ಮಾಡುವುದು?"

ಮಾವ ನಗಲಿಲ್ಲ. "ಅವರ ಅನ್ನ ತಿನ್ನುವವ ಅವರಿಗೆ ಹೇಳದೆ ಹೋಗ್ಬಾರದು."

ನನಗೆ ರೇಗಿತು. "ನೀವು ಹೇಳಿದಿರಲ್ಲ, ಹೇಳಿ ನಿಮಗೆ ಎಂತ ಸಿಕ್ಕಿತು?"

ಆಡಿದ ಮೇಲೆ ನಾಲಗೆ ಕಚ್ಚಿಕೊಂಡೆ. ಮಾವ ಛತ್ರಿಯನ್ನು ನನ್ನ ಕಡೆಗೆ ಸ್ವಲ್ಪ ಹೆಚ್ಚು ವಾಲಿಸಿ ನಡೆದರು. ಮನೆ ಮುಟ್ಟುವಾಗ ಅವರ ಎಡ ಭುಜ ಪೂರ್ತಿ ಒದ್ದೆಯಾಗಿತ್ತು.

ಎರಡು ವಾರದ ಮೇಲೆ ಬ್ಯಾಂಕಿನಿಂದ ಹಾಜಿಯವರ ಹೆಸರಿಗೇ ಒಂದು ಉದ್ದ ಲಕೋಟೆ ಬಂತು. ಅರ್ಜಿದಾರನ ನಡತೆ ಹೇಗೆ ಎಂದು ಈಗಿನ ಧಣಿಯನ್ನು ಕೇಳುವುದು ಬ್ಯಾಂಕಿನ ಕ್ರಮವಂತೆ! ನನಗೇನು ಗೊತ್ತು? ಲಕೋಟೆಯ ಮೇಲಿನ ಮುದ್ರೆ ಕಂಡದ್ದೇ ನನ್ನ ಬೆರಳು ಟೈಪ್‌ರೈಟರಿನ ಮೇಲೆ ನಿಂತುಬಿಟ್ಟಿತು. ಮಾವ ಕಾಗದ ಬಿಡಿಸಿ ಹಾಜಿಯವರ ಮುಂದೆ ಹರಡಿದರು. ಬೆರಳು ಮೊದಲ ಸಾಲಿಗೆ ಹೋಯಿತು, ಎರಡನೆಯ ಸಾಲಿಗೆ ಹೋಯಿತು, ಕೊನೆಯ ಸಾಲಿನವರೆಗೂ ಹೋಯಿತು. ಬಾಯಿಂದ ಶಬ್ದವಿಲ್ಲ.

"ಎಂತ ಬರ್ದಿದ್ದಾರೆ ರೈಟ್ರೇ?"

"ಬ್ಯಾಂಕಿನವರು... ಕ್ಷೇಮವಾ ಅಂತ ಕೇಳಿದ್ದಾರೆ ಸಾಹುಕಾರ್ರೇ."

ಲೋಕದಲ್ಲಿ ಇಷ್ಟು ಕೆಟ್ಟದಾಗಿ ಸುಳ್ಳು ಹೇಳಿದವರನ್ನು ನಾನು ಕಂಡಿಲ್ಲ! ಯಾವ ಬ್ಯಾಂಕು ಯಾರ ಕ್ಷೇಮವನ್ನು ಯಾವಾಗ ಕೇಳಿದೆ?

ಹಾಜಿಯವರು ಗಡ್ಡ ನೀವಿಕೊಂಡರು. "ಹಾಗಾದ್ರೆ ಒಂದು ಒಳ್ಳೆ ಜವಾಬು ಬರೀರಿ. ಕ್ಷೇಮ ಕೇಳುವವರು ಕಡಿಮೆ."

ಮಾವ ಆ ಜವಾಬನ್ನು ಟೈಪಿಗೆಂದು ನನಗೆ ಕೊಡದೆ ತಾವೇ ಕೈಯಲ್ಲಿ ಬರೆದರು. ಹಾಜಿಯವರು ಓದಲು ಹೇಳದೆ ರುಜು ಹಾಕಿ ಲಕೋಟೆಯನ್ನು ತಾವೇ ಅಂಟಿಸಿದರು. ಸದ್ಯ, ಮುದುಕರಿಗೆ ಗೊತ್ತಾಗಲಿಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದೆ.

ಸಂದರ್ಶನದಲ್ಲಿ ಮ್ಯಾನೇಜರು ಆ ಕಾಗದ ಹಿಡಿದುಕೊಂಡು ನಗುತ್ತಿದ್ದರು. "ನಿಮ್ಮ ಧಣಿ ನಿಮ್ಮನ್ನು ಬಹಳ ಹೊಗಳಿದ್ದಾರೆ. ಕೊನೆಗೆ ನೋಡಿ ಎಂತ ಬರ್ದಿದ್ದಾರೆ. 'ಇವನಲ್ಲಿ ಒಂದೇ ಒಂದು ಕುಂದು. ಹೇಳಬೇಕಾದವರಿಗೆ ಹೇಳಬೇಕಾದ್ದನ್ನು ಹೇಳುವುದಿಲ್ಲ. ವಯಸ್ಸಾದ ಹಾಗೆ ಸರಿಯಾದೀತು.' ಇಂಥ ಕಾಗದಗಳಲ್ಲಿ ಕುಂದು ಬರೆಯುವವರೇ ಇಲ್ಲ. ಇದನ್ನು ಬರೆದವರು ಉಳಿದದ್ದನ್ನೂ ನಿಜವೇ ಬರೆದಿರಬೇಕು." ಅದು ಯಾರ ಮಾತು ಎಂದು ನನಗೆ ಗೊತ್ತಾಗದೆ ಇರುತ್ತದೆಯೇ! ಮಾವ ನನ್ನನ್ನು ಉಳಿಸಲಿಕ್ಕೆ ಹೊರಟಾಗಲೂ ಸತ್ಯ ಬಿಡಲಾರದವರು. ಕೆಲಸ ಸಿಕ್ಕಿತು. ದೀಪಾವಳಿಗೆ ಇನ್ನೂ ಒಂದು ತಿಂಗಳಿತ್ತು.

ಗೋದಾಮು ಬಿಡುವ ದಿನ ಹಾಜಿಯವರ ಮುಂದೆ ನಿಂತು, ತಲೆ ಬಗ್ಗಿಸಿ, ಎಲ್ಲ ಹೇಳಿದೆ.

"ನನಗೆ ಅವತ್ತೇ ಗೊತ್ತುಂಟು" ಎಂದರು ಹಾಜಿಯವರು. "ನಿನ್ನ ಮಾವ ಇಪ್ಪತ್ತು ವರ್ಷದಿಂದ ಬೆರಳಿಟ್ಟಲ್ಲೆಲ್ಲ ಓದಿದವರು. ಅವತ್ತು ಬೆರಳು ಹೋಯ್ತು, ಬಾಯಿ ಹೋಗ್ಲಿಲ್ಲ. ಅವರು ಹಾಗೆ ಮಾಡ್ಬೇಕಾದ್ರೆ ಅದು ಯಾರಿಗೋಸ್ಕರ ಅಂತ ತಿಳಿಯಲಿಕ್ಕೆ ನನಗೆ ಇಂಗ್ಲಿಷ್ ಬೇಕಾ ಮಾರಾಯ? ಮನುಷ್ಯ ಅಷ್ಟು ಕಷ್ಟಪಟ್ಟು ಒಂದು ಸುಳ್ಳು ಹೇಳುವಾಗ ನಡುವೆ ಬಾಯಿ ಹಾಕ್ಬಾರದು." ಆಮೇಲೆ ಎದ್ದು ನನ್ನ ಬೆನ್ನಿನ ಮೇಲೆ ಕೈಯಿಟ್ಟರು. "ಸೋಮವಾರ ಬ್ಯಾಂಕಿಗೆ ಹೋಗ್ಲಿಕ್ಕೆ ಕಾರು ಕಳಿಸ್ಲಾ?"

ಆ ಸಂಜೆಯೂ ಮಳೆಯಿತ್ತು. ಮಾವ, ನಾನು ಒಂದೇ ಛತ್ರಿಯಲ್ಲಿ ಬಂದರಿನಿಂದ ನಡೆದೆವು. "ನನ್ನ ದೆಸೆಯಿಂದ ನೀವು ಸುಳ್ಳು ಹೇಳ್ಬೇಕಾಯ್ತು ಮಾವ" ಎಂದೆ.

"ಎಲ್ಲಿ ಸುಳ್ಳು? ನಿನ್ನ ಕ್ಷೇಮವನ್ನೇ ಕೇಳಿದ್ದಲ್ವಾ ಅವರು?" ಎಂದರು. ಅಂದ ಮೇಲೆ ಅದು ಅವರಿಗೇ ಸಮಾಧಾನವಾಗಲಿಲ್ಲ ಎಂದು ಕಾಣುತ್ತದೆ, ಹೆಜ್ಜೆ ಬಿರುಸಾಯಿತು. ಮನೆಯ ಬೇಲಿಯ ದಣಪೆ ದಾಟುವಾಗ ನಿಂತರು.

"ನೀನು ಅವತ್ತು ಕೇಳಿದೆಯಲ್ಲ, ಹೇಳಿ ನನಗೆ ಎಂತ ಸಿಕ್ಕಿತು ಅಂತ."

ನಾನು ತಲೆ ಎತ್ತಲಿಲ್ಲ.

"ಅವತ್ತು ಓದಿಸದೆ ರುಜು ಹಾಕಿದ ಧಣಿ ಸಿಕ್ಕಿದ್ರು. ಅದು ಇಲ್ಲದಿದ್ರೆ ನಿನ್ನ ಕೆಲಸ ಆಗ್ತಿತ್ತಾ?"

ಛತ್ರಿ ಮಡಚಿ ನೀರು ಕೊಡವಿ ನನ್ನ ಕೈಗೆ ಕೊಟ್ಟರು. "ಇಟ್ಟುಕೊ. ಸೋಮವಾರ ಮಳೆ ಬಂದ್ರೆ ಅಂಗಿ ಒದ್ದೆ ಆಗ್ಬಾರದು" ಎಂದು ತಾವು ಬೇಗಬೇಗ ಒಳಗೆ ನಡೆದರು. ನಾನು ಮಳೆಯಲ್ಲಿ, ಛತ್ರಿಯನ್ನು ಬಿಡಿಸದೆ, ಎದೆಗೆ ಒತ್ತಿಕೊಂಡು ಅಳುತ್ತಾ ನಿಂತಿದ್ದೆ.