ಗ್ರೆವಿಲಿಯಾ ಗಿಡದ ಕಪ್ಪು ಕಾಲ್ಚೀಲ

"ಅಮ್ಮಾ, ಕ್ಲಾರಿ ತಾತ ಯಾಕೆ ನಮ್ಮ ಗಿಡಕ್ಕೆ ಕಾಲ್ಚೀಲ ಹಾಕ್ತಿದಾರೆ? ಅದಕ್ಕೆ ಚಳಿಯಾ?"

ನಾಲ್ಕು ವರ್ಷದ ಟೆಸ್ಸಿ ಅಡುಗೆಮನೆಯ ಕಿಟಕಿಗೆ ಮೂಗು ಒತ್ತಿಕೊಂಡಿದ್ದಳು. ಮೆರಿನ್ ಬೆಣ್ಣೆ ಸವರುತ್ತಿದ್ದ ಚಾಕು ಹಿಡಿದೇ ಓಡಿಬಂದಳು. ಹೌದು! ಪಕ್ಕದ ಮನೆಯ ಕ್ಲಾರಿ ಪ್ಯಾಸ್ಕೋ, ಎಪ್ಪತ್ತೆಂಟರ ವಯೋವೃದ್ಧ, ಬೇಲಿಯ ಮೇಲಿಂದ ಅರ್ಧ ಮೈ ಈಚೆಗೆ ಬಾಗಿಸಿ, ಇವಳ ಹಿತ್ತಲಿನ ಗ್ರೆವಿಲಿಯಾ ಹೂವಿನ ಪೊದೆಗೆ ತೆಳ್ಳನೆಯ ಕಪ್ಪು ಕಾಲ್ಚೀಲ ತೊಡಿಸುತ್ತಿದ್ದ. ಅದೂ ಯಾರದು? ತಂಗಿಯ ಮದುವೆಗೆಂದು ಮೆರಿನ್ ಕೊಂಡದ್ದು. ಒಂದೇ ಸಲ ತೊಟ್ಟು ಒಗೆದು ತಂತಿಗೆ ಹಾಕಿದಾಗ ಮಾಯವಾದದ್ದು.

ಕೂಡಲೇ ದಿನಚರಿ ಹೊರಬಂತು. ಟೆಸ್ಸಿ ಹುಟ್ಟಿದಂದಿನಿಂದ ಒಂದು ದಿನವೂ ತಪ್ಪದೆ ಬರೆದ ದಿನಚರಿ. ಮೊದಲ ಹಲ್ಲು, ಮೊದಲ ಹೆಜ್ಜೆ, ಜ್ವರ ಎಷ್ಟು ಡಿಗ್ರಿ, ಎಲ್ಲವೂ ಅದರಲ್ಲಿತ್ತು. ಎರಡು ವರ್ಷದಿಂದ ಅದರೊಳಗೆ ಕ್ಲಾರಿಯೂ ನುಗ್ಗಿದ್ದ. (ಸಾಕ್ಷಿ ಬೇಕಲ್ಲ!)

"ಆಗಸ್ಟ್ ೧೨. ಬೇಲಿ ಪಕ್ಕ ತಾನಾಗಿಯೇ ಎದ್ದ ಸಸಿ ಟೆಸ್ಸಿಯ ಮೊಣಕಾಲೆತ್ತರ. ಮುದಿಗೂಬೆ ಅಳತೆಪಟ್ಟಿ ಹಿಡಿದು ಇಣುಕುತ್ತಿದೆ. ಬೇಲಿ ಸರಿಸುವ ಹುನ್ನಾರ."

"ಏಪ್ರಿಲ್ ೩. ಗಿಡ ಟೆಸ್ಸಿಗಿಂತ ಎತ್ತರ. ಮೊದಲ ಮೊಗ್ಗು. ಬೋಳುತಲೆ ಫೋಟೋ ತೆಗೆಯಿತು. ವಕೀಲರಿಗೆ ತೋರಿಸಲಿಕ್ಕಿರಬೇಕು."

ಇಂದಿನ ಶೀರ್ಷಿಕೆ ಒಂದೇ ಪದ: "ಕಳ್ಳ!"

"ಡೂಗಲ್! ಆ ಮುದುಕ ನನ್ನ ಕಾಲ್ಚೀಲ ಕದ್ದಿದಾನೆ!"

ಗಂಡ ಚಹಾ ಲೋಟದೊಳಗೇ ಮುಖ ಹುದುಗಿಸಿದ. "ಗಾಳಿಗೆ ಹಾರಿರ್ಬೇಕು ಬಿಡು."

"ಗಾಳಿ ಕೊಂಬೆಗೆ ಗಂಟು ಬೇರೆ ಹಾಕತ್ತಾ?"

"ಮೆಲ್ಲಗೆ ಮಾತಾಡು ಮಾರಾಯ್ತಿ, ಕೇಳಿಸತ್ತೆ!"

ಅವನ ಕಿವಿ ಕೆಂಪಾಗಿತ್ತು. (ಅದನ್ನೂ ಬರೆದಳು.)

ಗಿಡವೇ ಇಲ್ಲದಿದ್ದರೆ ಮುದುಕ ಯಾವ ನೆಪದಲ್ಲಿ ಬಾಗುತ್ತಾನೆ? ಮೆರಿನ್ ಗುದ್ದಲಿ ಹಿಡಿದು ವೀರವನಿತೆಯಂತೆ ಹಿತ್ತಲಿಗೆ ನಡೆದಳು. ಗುದ್ದಲಿ ಮೇಲೆತ್ತಿದ್ದೇ ತಡ, ಬೇಲಿಯಾಚೆ ಕೂಗು ಎದ್ದಿತು.

"ಬೇಡ ತಾಯಿ! ನಿನ್ನ ದಮ್ಮಯ್ಯ, ಅದನ್ನ ಕೊಲ್ಬೇಡ! ಅಂಥ ಗಿಡ ನಾನು ಇನ್ನೆಲ್ಲೂ ನೋಡಿಲ್ಲ!"

"ನನ್ನ ಕಾಲ್ಚೀಲ ಹಾಕಿಕೊಂಡಿರೋ ಗಿಡ ನಾನೂ ನೋಡಿಲ್ಲ!"

ಕ್ಲಾರಿ ಏದುಸಿರು ಬಿಡುತ್ತ ಸುತ್ತಿಬಳಸಿ ಗೇಟಿನಿಂದ ಬಂದ. "ನನ್ನ ಕೆಂಪು ಗ್ರೆವಿಲಿಯಾ ಇದರ ಅಪ್ಪ ಕಣಮ್ಮ. ನಿನ್ನ ಬಾಗಿಲ ಹತ್ರದ ಹಳದೀದು ಅಮ್ಮ. ಜೇನು ಕುಡಿಯೋ ಹಕ್ಕಿ ಕೊಕ್ಕಿಗೆ ಪರಾಗ ಮೆತ್ತಿಕೊಂಡು ಬೇಲಿ ಹಾರಿ ಸಂಬಂಧ ಕುದುರಿಸಿಬಿಡ್ತು. ನಮ್ಮನ್ನ ಒಂದು ಮಾತೂ ಕೇಳಲಿಲ್ಲ!"

"ಹಾಗಾದ್ರೆ ನಾವು ಬೀಗರಾದ್ವಿ!" ಎಂದ, ಬಾಗಿಲ ಮರೆಯಲ್ಲೇ ನಿಂತಿದ್ದ ಡೂಗಲ್.

"ನೀನು ಸುಮ್ನಿರು. ಕಾಲ್ಚೀಲ?"

"ಕಾಯಿ ಒಡೆದ್ರೆ ಬೀಜ ಮಣ್ಣುಪಾಲು. ಅದಕ್ಕೆ ತೆಳ್ಳಗಿನ ಬಟ್ಟೆ ಕಟ್ಟೋದು. ಹಳೇದೊಂದಿದೆ, ತಗೊಳ್ಳಿ ಅಂತ ಡೂಗಲ್ಲೇ ಕೊಟ್ಟ."

ಮೆರಿನ್ ತಿರುಗಿ ನೋಡುವಷ್ಟರಲ್ಲಿ ಬಾಗಿಲ ಮರೆ ಖಾಲಿ.

ಗುದ್ದಲಿ ತಾನಾಗಿಯೇ ಕೆಳಗಿಳಿಯಿತು. ಪಾಪದ ಮುದುಕ, ಎಷ್ಟೆಲ್ಲ ಬರೆದೆನಲ್ಲ! ಸದ್ಯ, ದಿನಚರಿಯನ್ನು ಯಾರೂ ಓದುವುದಿಲ್ಲ.

"ಹೊಸ ತಳಿ ಇದು, ಹೆಸರು ಇಟ್ಟು ನೋಂದಾಯಿಸ್ಬೇಕು," ಎಂದು ಕ್ಲಾರಿ ಟೆಸ್ಸಿಯ ತಲೆ ಸವರಿದ. "ಗ್ರೆವಿಲಿಯಾ ಟೆಸ್ಸಿ. ಇದರ ಜೊತೆಗೇ ಬೆಳೆದೋಳಲ್ವಾ ಇವಳು."

ಮೆರಿನ್ ಕಣ್ಣು ಒದ್ದೆಯಾಯಿತು. "ಕ್ಲಾರಿ, ಕ್ಷಮಿಸಿ. ನನ್ನಿಂದ ಏನಾಗ್ಬೇಕು ಹೇಳಿ, ಮಾಡ್ತೀನಿ. ಏನೇ ಆಗ್ಲಿ!"

"ಒಂದು ಉಪಕಾರ ಇದೆ. ಗಿಡ ಯಾವತ್ತು ಎಷ್ಟೆತ್ತರ ಆಯ್ತು, ಯಾವತ್ತು ಮೊಗ್ಗು ಬಿಡ್ತು, ನೋಂದಣಿಗೆ ಎಲ್ಲಕ್ಕೂ ತಾರೀಖು ಕೇಳ್ತಾರೆ. ನಾನು ಅಳೆದದ್ದೆಲ್ಲ ಚೀಟಿಗಳಲ್ಲಿ ಬರೆದು ಕಳ್ಕೊಂಡೆ. ನೀನು ಒಂದು ದಿನಾನೂ ಬಿಡದೆ ಬರೆದಿದೀಯಂತೆ, ಡೂಗಲ್ ಹೇಳಿದ. ಶನಿವಾರ ನಮ್ಮ ಗಿಡಪ್ರಿಯರ ಸಂಘದ ಸಭೆ, ನಲವತ್ತು ಜನ ಸೇರ್ತಾರೆ. ನನಗೆ ಕಣ್ಣು ಮಂಜು. ಆ ದಿನಚರಿ ತಂದು ನೀನೇ ಗಟ್ಟಿಯಾಗಿ ಓದಿಬಿಡು ತಾಯಿ. ಒಂದಕ್ಷರಾನೂ ಬಿಡಬಾರದು."