ಮಾರ್ಬಲ್ ಅಂದರ ಯಾವ ಮಾರ್ಬಲ್?

ಉಮರ್ಗಾದಲ್ಲಿ ಹೈವೇಗೆ ಹತ್ತಿಕೊಂಡೇ ನಮ್ಮ ಮಾರ್ಬಲ್ ಅಂಗಡಿ. ಕಲ್ಲಿನ ಧಂದೆಯಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಮಂದಿ ಕೇಳುತ್ತಾರೆ. ಕಲ್ಲು ತನ್ನಷ್ಟಕ್ಕೆ ಬಿದ್ದಿರುತ್ತದೆ, ನಿಜ. ಅದನ್ನು ಕೊಳ್ಳಲು ಬಂದವರು ಹಾಗಿರುವುದಿಲ್ಲ.

ಔಷಧಿ

ನಮ್ಮ ಕಡೆ ಎಲ್ಲರೂ ಮಾರ್ಬಲ್ ಅಂತಾರೆ, ಮರಾಠಿಯವರು ಸಂಗಮರವರ ಅಂತಾರೆ. ಧಾರವಾಡದ ಕಡೆಯಿಂದ ಬಂದು ನೆಲೆಸಿದ ಕನ್ನಡ ಮಾಸ್ತರರೊಬ್ಬರು ಫೋನ್ ಮಾಡಿ, "ನಿಮ್ಮಲ್ಲಿ ಅಮೃತಶಿಲೆ ದೊರೆಯುತ್ತದೆಯೇ?" ಎಂದರು. ಫೋನ್ ಎತ್ತಿದ್ದು ನನ್ನ ತಮ್ಮ. ಅವನು ಓದಿದ್ದೆಲ್ಲ ಮರಾಠಿ ಸಾಲಿಯಲ್ಲಿ. ಇದು ಶಿಲಾಜಿತದಂಥ ಏನೋ ಒಂದು ಶಕ್ತಿಯ ಔಷಧಿ ಎಂದುಕೊಂಡ.

"ಅದು ನಮ್ಮಲ್ಲಿ ಸಿಗಂಗಿಲ್ರೀ. ಬಾಜೂಕಿನ ಆಯುರ್ವೇದ ಅಂಗಡ್ಯಾಗ ಕೇಳ್ರಿ."

ಮಾಸ್ತರರು ಹೋಗಿ ಕೇಳಿದರು. ಅಂಗಡಿಯವನು ಆಚೀಚೆ ನೋಡಿ, ದನಿ ಇಳಿಸಿ, "ಗುರುಗಳ, ನಿಮಗ ವಯಸ್ಸೆಷ್ಟು?" ಅಂದ.

"ನನಗಲ್ಲ, ದೇವರ ಮನೆಗೆ."

"ಎಷ್ಟು ಬೇಕ್ರಿ?"

"ನಾಲ್ಕು ಫೂಟು ಸಾಕು," ಅಂದರು ಮಾಸ್ತರರು.

ನಿಲಂಗಾದ ಪಡಸಾಲೆ

ನಿಲಂಗಾದ ಕಾಳಿನ ವ್ಯಾಪಾರಿಯೊಬ್ಬರು ಪಡಸಾಲೆಗೆ ಬಿಳಿ ಮಾರ್ಬಲ್ ಹಾಕಿಸಿದರು. ಅವರ ತಾಯಿ ಹೊಸ್ತಿಲಲ್ಲಿ ನಿಂತು, ನೀರು ನಿಂತದ ಅಂತ ಸೀರೆ ಎತ್ತಿ ಹಿಡಿದು ದಾಟಿದರು. ಕಾಲು ಜಾರೀತೆಂದು ಮರುದಿನವೇ ಚಾಪೆ ಬಂತು. ಚಾಪೆ ಮಾಸೀತೆಂದು ಅದರ ಮೇಲೆ ಜಮಖಾನೆಯಂಥ ಸತರಂಜಿ ಬಂತು. ಸತರಂಜಿಗೆ ಚಹಾ ಚೆಲ್ಲೀತೆಂದು ಪ್ಲಾಸ್ಟಿಕ್ ಬಂತು.

ವರ್ಷದ ಮೇಲೆ ನಾನು ಹೋದಾಗ ಮನೆಗೆ ಹೊಸದಾಗಿ ಬಂದ ಸೊಸೆ ಚಹಾ ತಂದುಕೊಟ್ಟಳು. "ಮಾರ್ಬಲ್ ಹೆಂಗದವ್ವ?" ಎಂದು ಕೇಳಿದೆ.

ಆಕೆ ಕೆಳಗೆ ನೋಡಿ ಹೇಳಿದಳು: "ಛಲೋ ಅದ ಅಂತಾರ್ರೀ."

ಕೇಕು

ಉದಗೀರದಲ್ಲಿ ನಮ್ಮ ಸೋದರಮಾವನ ಮೊಮ್ಮಗಳ ಹುಟ್ಟುಹಬ್ಬ. ಮಾವನಿಗೆ ಅದೇ ತಾನೇ ಹೊಸ ಹಲ್ಲಿನ ಸೆಟ್ ಕೂಡಿಸಿದ್ದರು. ಕೇಕು ಬಂತು. "ಅಜ್ಜಾ, ಇದು ಮಾರ್ಬಲ್ ಕೇಕ್," ಅಂದಳು ಹುಡುಗಿ. ಮಾವ ನನ್ನನ್ನೊಮ್ಮೆ ನೋಡಿದ. ಹಲ್ಲಿನ ಸೆಟ್ ತೆಗೆದು ವಸ್ತ್ರದಲ್ಲಿ ಸುತ್ತಿ ಕಿಸೆಯಲ್ಲಿಟ್ಟುಕೊಂಡ. ಬರೀ ಒಸಡಿನಲ್ಲಿ ಒಂದು ತುಂಡು ತಿಂದು ನನ್ನ ಕಡೆ ತಿರುಗಿದ.

"ಮೆತ್ತಗ ಅದಪಾ. ನೆಲಕ್ಕ ಹಾಸಲಿಕ್ಕ ನಡಿಯಂಗಿಲ್ಲ."

ತುರೋರಿಯ ಅಜ್ಜ

ತುರೋರಿಯ ರೈತ ಅಜ್ಜನೊಬ್ಬ ತನ್ನ ಸಮಾಧಿಯ ಕಲ್ಲನ್ನು ತಾನೇ ಮಾಡಿಸಲು ಬಂದ. ಗಟ್ಟಿಮುಟ್ಟಾದ ಮನುಷ್ಯ, ಮೋಟರ್ ಸೈಕಲ್ ಹೊಡೆದುಕೊಂಡೇ ಬಂದಿದ್ದ.

"ಮಕ್ಕಳ ಮ್ಯಾಲ ಭರೋಸಾ ಇಲ್ಲೇನ್ರಿ?" ಎಂದೆ.

"ಭರೋಸಾ ಅದ. ಅವರ ಸ್ಪೆಲ್ಲಿಂಗ್ ಮ್ಯಾಲ ಇಲ್ಲ."

ಬಿಳಿ ಮಾರ್ಬಲ್ ಪಾಟಿಯ ಮೇಲೆ ಮೊದಲು 'ಲಿಂಗೈಕ್ಯ', ಕೆಳಗೆ ಅವನ ಹೆಸರು, ಆಳವಾಗಿ ಕೆತ್ತಿ ಕೊಟ್ಟೆವು. ತಾರೀಖಿನ ಜಾಗ ಖಾಲಿ ಬಿಡಿಸಿದ. ಪಾಟಿ ಅವರ ಅಡಿಗೆಮನೆಯ ಮೂಲೆಯಲ್ಲಿ ಕೂತಿತು.

ಅಜ್ಜ ಸಾಯುವ ಲಕ್ಷಣ ಕಾಣಲಿಲ್ಲ. ಸೊಸೆ ಕಟ್ಟಿಗೆಯ ಲಟ್ಟಣಿಗೆ ಮಣೆ ಸೀಳಿತೆಂದು ಆ ಪಾಟಿಯ ಖಾಲಿ ಭಾಗದಲ್ಲಿ ಚಪಾತಿ ಲಟ್ಟಿಸತೊಡಗಿದಳು. ಅಜ್ಜ ನೋಡಿದ. "ಆಗಲಿ, ಸುಮ್ಮನ ಬಿದ್ದಿತ್ತು," ಅಂದ.

ಮುಂದೆ ಮೊಮ್ಮಗಳನ್ನು ನೋಡಲು ಗಂಡಿನ ಕಡೆಯವರು ಬಂದರು. ಛಲೋ ಮನೆತನ, ಹುಡುಗಿಗೂ ಹುಡುಗ ಮನಸ್ಸಿಗೆ ಬಂದಿದ್ದ. ಅವಸರದಲ್ಲಿ ಸೊಸೆ ದೊಡ್ಡ ದೊಡ್ಡ ಹೋಳಿಗೆಗಳನ್ನು ಪಾಟಿಯ ತುಂಬ ಲಟ್ಟಿಸಿದಳು. ಹಿಟ್ಟು ಅಕ್ಷರದೊಳಗೆ ಇಳಿಯಿತು. ಹೋಳಿಗೆ ತಿರುವಿ ಹಾಕಿದರೆ ಮೇಲೆ ಉಬ್ಬಿದ ಅಕ್ಷರ, ಎಲ್ಲ ಉಲ್ಟಾ. ಬೇರೆ ಮಾಡಲು ಹೂರಣ ಉಳಿದಿರಲಿಲ್ಲ. ಅವನ್ನೇ ಬಡಿಸಿದರು.

ಗಂಡಿನ ತಂದೆ ಹೋಳಿಗೆ ಎತ್ತಿ ಬೆಳಕಿಗೆ ಹಿಡಿದರು. "ಇದರ ಮ್ಯಾಲ ಏನೋ ಬರದದಲ್ರೀ?"

ಅಡಿಗೆಮನೆಯಲ್ಲಿ ಸೊಸೆ ಪಾಟಿಯ ಮೇಲೆ ಬಟ್ಟೆ ಎಳೆದಳು. ಅಜ್ಜ ತುಪ್ಪ ಹಾಕಿಕೊಳ್ಳುತ್ತ ಹೇಳಿದ: "ಅದು ನನ್ನ ಹೆಸರ್ರೀ."

ಗಂಡಿನ ತಂದೆ ಹೋಳಿಗೆ ಮುರಿದು ಬಾಯಿಗಿಟ್ಟರು. ಆಮೇಲೆ ಹೆಂಡತಿಯ ಕಡೆ ತಿರುಗಿ, "ನೋಡು, ಹೋಳಿಗಿಗೂ ಹೆಸರ ಹಾಕಸ್ತಾರ. ಹಿಂಥಾ ಮನಿತನ ಎಲ್ಲಿ ಸಿಗ್ತದ?" ಅಂದರು. ಅಲ್ಲೇ ಕೂತು ಮದುವೆ ಗಟ್ಟಿ ಮಾಡಿದರು.

ಇದನ್ನೆಲ್ಲ ನನಗೆ ಹೇಳಿದ್ದು ಅಜ್ಜನೇ. ನಾನು ಪೂರ್ತಿ ನಂಬಿರಲಿಲ್ಲ. ಆದರೆ ಲಗ್ನಕ್ಕೆ ಮೊದಲು ಆ ಬೀಗರು ಸ್ವತಃ ನಮ್ಮ ಅಂಗಡಿಗೆ ಬಂದರು. ಹೋಳಿಗೆ ಲಟ್ಟಿಸಲು ತಮ್ಮ ಹೆಸರಿನದೂ ಅಂಥದೇ ಒಂದು ಪಾಟಿ ಬೇಕೆಂದರು. ಹೆಸರು ಬರೆದುಕೊಂಡೆ. ಅವರು ಹೊರಟವರು ಬಾಗಿಲಿನಿಂದ ತಿರುಗಿ ಬಂದರು.

"ಅಜ್ಜಾರ ಹೆಸರಿನ ಮೊದಲ ಏನೋ ಒಂದು ಪದವಿ ಇತ್ತರೀ. ಉಲ್ಟಾ ಇತ್ತು, ಓದಲಿಕ್ಕ ಬರಲಿಲ್ಲ. ನನಗೂ ಅದನ್ನ ಹಾಕಿಬಿಡ್ರಿ."